ದೇವರ ಎತ್ತುಗಳ ರೊಪ್ಪಕ್ಕೆ ಇಳಿದ ಔಷಧ

ಚಳ್ಳಕೆರೆಯಿಂದ ಡ್ರೋನ್ ಮೂಲಕ ಔಷಧ ಕಳುಹಿಸುವ ಪ್ರಯೋಗಕ್ಕಾಗಿ ಮೊಳಕಾಲ್ಮೂರು ತಾಲ್ಲೂಕಿನ ಹಳ್ಳಿಗಳಲ್ಲಿ ಇಳಿಯುವ ಜಾಗ ಗುರುತಿಸುವ ಕೆಲಸ ನನ್ನದಾಗಿತ್ತು. ನಮ್ಮ ಹಟ್ಟಿಗೆ ನಾನು ಸೂಚಿಸಿದ್ದು ದೇವರ ಎತ್ತುಗಳ ರೊಪ್ಪವನ್ನು. ಸುತ್ತ ಮುಳ್ಳುಬೇಲಿ, ನಡುವೆ ಸಮತಟ್ಟಾದ ನೆಲ, ಮೇಲೆ ಒಂದೂ ವಿದ್ಯುತ್ ತಂತಿ ಇಲ್ಲ; ಆರೋಗ್ಯ ಕೇಂದ್ರಕ್ಕೆ ಕೂಗಳತೆಯ ದೂರ. ಎತ್ತುಗಳು ಆಗ ಮೇವಿಗಾಗಿ ದೂರದ ಹುಲ್ಲುಗಾವಲಿಗೆ ಹೋಗಿದ್ದವು. ಅರ್ಜಿಯಲ್ಲಿ ಜಾಗದ ಬಳಕೆಯನ್ನು ಕೇಳುವ ಕಾಲಂ ಇತ್ತು. ದೇವರಿಗೆ ಬಿಟ್ಟ, ಯಾರೂ ನೊಗ ಹೂಡದ ಎತ್ತುಗಳು ಇಲ್ಲಿ ತಂಗುತ್ತವೆ, ಚಪ್ಪಲಿ ಮೆಟ್ಟಿ ಯಾರೂ ಒಳಗೆ ಹೋಗುವಂತಿಲ್ಲ ಎಂದು ಬರೆದರೆ ಅಧಿಕಾರಿಗಳು ನಕ್ಕಾರೆಂಬ ಅಳುಕು ನನ್ನನ್ನು ತಡೆಯಿತು. ನಮ್ಮ ಮನೆಯಲ್ಲಿ ಪದವಿ ಪಡೆದವನು ನಾನೊಬ್ಬನೇ. ‘ಬಳಕೆಯಲ್ಲಿಲ್ಲದ ಬಯಲು’ ಎಂದು ಬರೆದು ಸಹಿ ಹಾಕಿದೆ.

ಆ ಮಳೆಗಾಲದ ಒಂದು ಮಧ್ಯಾಹ್ನ, ಶೇಂಗಾ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ನನ್ನ ಅತ್ತಿಗೆಯ ಕೈಗೆ ಕೊಳಕುಮಂಡಲ ಹಾವು ಕಚ್ಚಿತು. ಆರೋಗ್ಯ ಕೇಂದ್ರದಲ್ಲಿದ್ದ ವಿಷಹಾರಿ ಔಷಧವನ್ನೆಲ್ಲ ಡಾಕ್ಟರು ಏರಿಸಿದರು. ಆದರೂ ಅವಳ ವಸಡಿನಿಂದ ರಕ್ತ ಒಸರುವುದು ನಿಲ್ಲಲಿಲ್ಲ. ಹಳ್ಳ ತುಂಬಿ ಹರಿಯುತ್ತಿದ್ದುದರಿಂದ ಆಂಬುಲೆನ್ಸ್ ಆಚೆ ದಡದಲ್ಲೇ ನಿಂತಿತ್ತು.

“ಇನ್ನೂ ಹತ್ತು ಬಾಟ್ಲಿ ಬೇಕು, ಬೇಗ ತರಿಸ್ರಿ,” ಎಂದರು ನರ್ಸ್. ನಾನು ಚಳ್ಳಕೆರೆಗೆ ಫೋನ್ ಮಾಡಿದೆ. ಡ್ರೋನ್ ಹೊರಟಿತು.

ಇಳಿಯುವ ಗುರುತಿಗೆಂದು ಕೊಟ್ಟಿದ್ದ ಕಿತ್ತಳೆ ಬಣ್ಣದ ಹಾಸನ್ನು ಕಂಕುಳಲ್ಲಿರಿಸಿಕೊಂಡು ಓಡಿದವನು ರೊಪ್ಪದ ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ಎತ್ತುಗಳಿದ್ದವು. ಊರ ಕಡೆ ಮಳೆಯಾಗಿದೆಯೆಂದು ತಿಳಿದು ಕಿಲಾರಿ ಅಂದೇ ಅವನ್ನು ಕರೆತಂದಿದ್ದರು. ಆ ಎತ್ತುಗಳನ್ನು ಕಾಯುವ ಅವರು ನನಗೆ ದೂರದ ಸಂಬಂಧದಲ್ಲಿ ಮಾವ.

“ಮಾವ, ಎತ್ತು ಹೊರಗೆ ಹೊಡೀರಿ. ಅತ್ತಿಗೆಗೆ ಔಷಧ ಬರ್ತೈತೆ. ಇಲ್ಲೇ ಇಳೀತೈತೆ.”

“ಇಲ್ಲೇ ಇಳೀಬೇಕು ಅಂತ ಹೇಳ್ದೋರು ಯಾರಲೇ?”

“ನಾನೇ ಬರ್ಕೊಟ್ಟಿದ್ದೆ. ಖಾಲಿ ಜಾಗ ಅಂತ.”

“ಅಷ್ಟು ಓದ್ಸಿದ್ರೂ ನಿನ್ಗೆ ರೊಪ್ಪ ಕಾಣ್ಲಿಲ್ಲ ಅನ್ನು! ನಿಮ್ಮಪ್ಪಗೆ ಅಕ್ಷರ ಬರ್ತಿರ್ಲಿಲ್ಲ, ಕಣ್ಣಾದ್ರೂ ಕಾಣ್ತಿದ್ವು.”

“ಆಮೇಲೆ ಬೈರಿ ಮಾವ. ಈಗ ಹೊಡೀರಿ.”

“ರೊಪ್ಪ ಹೊಕ್ಕ ದೇವರೆತ್ನ ಹೊಡೆಯಂಗಿಲ್ಲ.”

ಅಷ್ಟರಲ್ಲಿ ತಲೆಯ ಮೇಲೆ ಗುಂಯ್‌ಗುಡುವ ಸದ್ದು ಕೇಳಿಸಿತು. ಫೋನಿನಲ್ಲಿ ಚಳ್ಳಕೆರೆಯ ಪೈಲಟ್ ಮಾತನಾಡಿದರು. “ಸರ್, ಕೆಳಗೆ ಏನೋ ಓಡಾಡ್ತಿದೆ. ದನಾನಾ?”

“ಹೌದು. ಇದು ಅವುಗಳದ್ದೇ ಜಾಗ. ನಾನು ತಪ್ಪು ಬರೆದಿದ್ದೆ.”

“ಬೇರೆ ಜಾಗ ಹೇಳಿ. ಐದು ನಿಮಿಷ ಅಷ್ಟೇ. ಆಮೇಲೆ ಬ್ಯಾಟರಿ ಸಾಲಲ್ಲ, ಅದು ವಾಪಸ್ ತಿರುಗುತ್ತೆ.”

ಸುತ್ತ ನೋಡಿದೆ. ರಸ್ತೆಯುದ್ದಕ್ಕೂ ಬೇವಿನ ಮರಗಳು. ಶಾಲೆಯ ಮುಂದೆ ತಂತಿಗಳು. ಹೊಲಗಳಲ್ಲಿ ನೀರು. ಹೇಳಲು ನನ್ನಲ್ಲಿ ಯಾವ ಜಾಗವೂ ಇರಲಿಲ್ಲ.

ಕಿಲಾರಿ ಆಕಾಶ ನೋಡುತ್ತಲೇ ಕೇಳಿದರು: “ಆಕಿ ಬಾಯಾಗೆ ಇನ್ನೂ ರಕ್ತ ಬರ್ತೈತಾ?”

“ಬರ್ತೈತೆ ಮಾವ.”

“ಹೊಡೆಯಂಗಿಲ್ಲ ಅಂದೆ. ಕರೆದ್ರೆ ತಪ್ಪೇನೈತಿ?” ಎಂದು ಅವರು ಬಾಗಿಲ ಪಕ್ಕದ ಬೇಲಿಗೆ ಬೆನ್ನು ಕೊಟ್ಟು ನಿಂತು, ಗಂಟಲಿನಿಂದ ನೀಳವಾಗಿ ಕೂಗಿದರು. ಮುಂದಾಳು ಎತ್ತು ತಲೆಯೆತ್ತಿತು. ಅವಸರವಿಲ್ಲದೆ ಅವರತ್ತ ನಡೆಯಿತು. ಉಳಿದವು ಒಂದೊಂದಾಗಿ ಅದರ ಹಿಂದೆ ಹೋದವು. ಆಚೆಯ ಮೂಲೆ ತೆರವಾಯಿತು.

“ಚಪ್ಪಲಿ ಬಿಟ್ಟು ಹೋಗು. ಓಡಬ್ಯಾಡ. ನೀನು ಓಡಿದ್ರೆ ಅವೂ ಓಡ್ತಾವೆ.”

ನಾನು ನಡೆದೆ. ಒದ್ದೆ ಸಗಣಿಯಲ್ಲಿ ಕಾಲು ಹೂತುಕೊಳ್ಳುತ್ತಿತ್ತು. ಪೈಲಟ್ ಉಳಿದ ನಿಮಿಷಗಳನ್ನು ಹೇಳುತ್ತಿದ್ದರು: ಮೂರು, ಎರಡೂವರೆ. ಓಡಿದ್ದರೆ ಹತ್ತು ಎಣಿಸುವುದರೊಳಗೆ ಮುಟ್ಟಬಹುದಾಗಿದ್ದ ಮೂಲೆ ಅದು. ಹಾಸನ್ನು ಬಿಡಿಸಿ, ನಾಲ್ಕೂ ತುದಿಗೆ ಕಲ್ಲಿಟ್ಟು, “ಮೂಲೆಯ ಗುರುತಿಗೇ ಇಳಿಸಿ,” ಎಂದೆ.

ಡ್ರೋನ್ ಇಳಿಯತೊಡಗಿದಂತೆ ಎತ್ತುಗಳ ಕಿವಿಗಳು ನಿಮಿರಿದವು. ಎರಡು ಹೋರಿಗಳು ಬೇಲಿ ಮುರಿದುಕೊಂಡು ಹೊರಗೆ ನುಗ್ಗಿದವು. ಕಿಲಾರಿ ಮುಂದಾಳು ಎತ್ತಿನ ಕೊರಳು ತಬ್ಬಿ, ಬೆದರಿದ ಮಗುವನ್ನು ಸಂತೈಸುವಂತೆ, ನಮ್ಮ ಮನೆಮಾತಾದ ತೆಲುಗಿನಲ್ಲಿ “ಏಮ್ ಲೇದು ನಾಯನಾ, ಏಮ್ ಲೇದು”, ಏನಿಲ್ಲಪ್ಪಾ ಏನಿಲ್ಲ, ಎನ್ನುತ್ತಲೇ ಇದ್ದರು. ಅದು ಕದಲಲಿಲ್ಲ. ಆದ್ದರಿಂದ ಉಳಿದವೂ ಕದಲಲಿಲ್ಲ. ಇಳಿದ ಡ್ರೋನಿನಿಂದ ಔಷಧದ ಪೆಟ್ಟಿಗೆಯನ್ನು ಬಿಡಿಸಿಕೊಂಡು ಬಾಗಿಲವರೆಗೆ ನಡೆದೆ. ಬಾಗಿಲು ದಾಟಿದ ಮೇಲೆ ಬರಿಗಾಲಲ್ಲೇ ಓಡಿದೆ.

ಔಷಧ ಹನಿಹನಿಯಾಗಿ ಅತ್ತಿಗೆಯ ಮೈಗೆ ಇಳಿಯತೊಡಗಿತು. ಅಣ್ಣ ಮಂಚದ ಪಕ್ಕದಲ್ಲಿ ಸ್ಟೀಲ್ ಬೋಗುಣಿ ಹಿಡಿದು ಕುಳಿತಿದ್ದ. ಆಗಾಗ ನರ್ಸ್ ಅವಳಿಗೆ ಬಾಯಿ ಮುಕ್ಕಳಿಸಲು ನೀರು ಕೊಡುತ್ತಿದ್ದರು. ಪ್ರತಿ ಸಲವೂ ನಾವೆಲ್ಲ ಬೋಗುಣಿಯನ್ನೇ ನೋಡುತ್ತಿದ್ದೆವು. ಮೊದಲು ಕೆಂಪು. ಆಮೇಲೂ ಕೆಂಪೇ. ಒಂದು ಗಂಟೆ ಕಳೆದ ಬಳಿಕ ತೆಳುವಾದ ಒಂದೆರಡು ಎಳೆ. ಅದರ ಮುಂದಿನ ಸಲ ಅಣ್ಣ ಬೋಗುಣಿಯನ್ನು ಕಿಟಕಿಯ ಬೆಳಕಿಗೆ ಒಯ್ದು ನೋಡಿದ. ಬರೀ ನೀರಿತ್ತು.

ನರ್ಸ್ ನಂಬಲಿಲ್ಲ. “ಇನ್ನೊಂದ್ಸಲ ಉಗುಳವ್ವ,” ಎಂದರು.

ಮಧ್ಯಾಹ್ನದಿಂದ ತುಟಿ ಬಿಚ್ಚದಿದ್ದ ಅತ್ತಿಗೆ ಕಣ್ಣು ತೆರೆದಳು. “ಕುಡಿಯಾಕೂ ಒಂದೀಟು ನೀರು ಕೊಡ್ತೀರೋ, ಇಲ್ಲಾ ಬರೇ ಉಗುಳ್ಸಾಕೇ ಮಲಗ್ಸೀರೋ?”