ಕಿರುಬೆರಳಿಗೆ ಒಪ್ಪಿಸಿದ ಪರೀಕ್ಷೆ

ನನ್ನ ಅಕ್ಕನ ಗಂಡ ಟೈಪಿಂಗ್ ಮೇಷ್ಟ್ರು. ಔಷಧಿ ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ಅವರ ತರಗತಿ. ಟೈಪ್‌ರೈಟರುಗಳು ಹೋಗಿ ಕಂಪ್ಯೂಟರುಗಳು ಬಂದರೂ ಪಾಠದ ಕ್ರಮ ಬದಲಾಗಲಿಲ್ಲ. ಕಲಿಯುವವರ ಕೈಗಳ ಮೇಲೆ ಬಟ್ಟೆ ಹೊದಿಸಿ, ಭಾವ ಮರದ ಪಟ್ಟಿಯಿಂದ ಮೇಜಿಗೆ ಒಂದೇ ಸಮನೆ ತಟ್ಟುತ್ತಾರೆ. ಪ್ರತಿ ತಟ್ಟಿಗೆ ಒಂದು ಅಕ್ಷರ. ವೇಗ ತಾನಾಗಿ ಬರುತ್ತದೆ, ಲಯವನ್ನು ಮಾತ್ರ ಕಲಿಸಬೇಕು ಎಂಬುದು ಅವರ ಸಿದ್ಧಾಂತ. ವಿದ್ಯಾರ್ಥಿಗಳು ಇಟ್ಟಿರುವ ಹೆಸರು ಟಕ್‌ಟಕ್ ಮೇಷ್ಟ್ರು. ಅವರು ಅದನ್ನು ಬಿರುದೆಂದೇ ಸ್ವೀಕರಿಸಿದ್ದಾರೆ.

ಕಳೆದ ವರ್ಷ ಅವರ ಮೇಜಿನ ಮೇಲೆ ಲೋಟಗಳು ಉರುಳತೊಡಗಿದವು. ಉರುಳುತ್ತಿದ್ದವೆಲ್ಲ ಎಡಗೈ ಬದಿಯವು.

“ಎಡಗಡೆ ಇಟ್ಟ ಲೋಟದ ಕಥೆ ಅಲ್ಲಿಗೆ ಮುಗೀತು,” ಎಂದು ಅಕ್ಕ ಹಂಗಿಸುತ್ತಿದ್ದಳು.

“ಲೋಟ ಎಲ್ಲಿಡಬೇಕು ಅಂತ ನಿನಗೆ ಗೊತ್ತಿಲ್ಲ. ನಿನ್ನ ಸೂಜಿಗೆ ದಾರ ಪೋಣಿಸಿ ಕೊಡೋನು ನಾನು. ನನ್ನ ಕಣ್ಣಿಗೆ ಹೆಸರಿಡ್ತೀಯಾ?”

ಅದು ಸುಳ್ಳಲ್ಲ; ದಾರ ಪೋಣಿಸುವುದರಲ್ಲಿ ಮನೆಯಲ್ಲಿ ಅವರನ್ನು ಮೀರಿಸುವವರಿಲ್ಲ. ಓದುವ ಕನ್ನಡಕ ಬದಲಿಸಲು ಹೋದಾಗ ಅಂಗಡಿಯವರು ಕಣ್ಣಿನೊಳಗಿನ ಒತ್ತಡವನ್ನೂ ಅಳೆದು, ಇದು ಹೆಚ್ಚಾಯಿತು, ಆಸ್ಪತ್ರೆಗೆ ತೋರಿಸಿ ಎಂದರು. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಸ್ಕೂಟರ್ ಓಡಿಸುವಂತಿಲ್ಲವಾದ್ದರಿಂದ ನಾನು ಕಾರಿನಲ್ಲಿ ಇಬ್ಬರನ್ನೂ ಕರೆದೊಯ್ದೆ.

ಡಾಕ್ಟರಿಗೆ ಗ್ಲಾಕೋಮಾದ ಅನುಮಾನ; ಒತ್ತಡ ಹೆಚ್ಚಿ ಕಣ್ಣಿನ ನರವನ್ನೇ ತಿನ್ನುವ ರೋಗ. ಮೊದಲು ನೋಟದ ಹರವಿನ ಪರೀಕ್ಷೆ. ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು, ನಟ್ಟನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲೋ ಒಂದು ಬೆಳಕು ಮಿನುಗಿದಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ಭಾವ ಗಂಭೀರವಾಗಿ ಒತ್ತಿದರು. ಕಾಣದ ಕಡೆಯೆಲ್ಲ ಕಾಗದದ ಮೇಲೆ ಕಪ್ಪಾಗಬೇಕು; ಎಡಗಣ್ಣಿನ ನಕ್ಷೆ ಹೆಚ್ಚುಕಡಿಮೆ ಬೆಳ್ಳಗೇ ಬಂತು.

“ನೋಡಿದ್ಯಾ?” ಎಂದು ಅವರು ಅಕ್ಕನ ಕಡೆ ತಿರುಗಿದರು.

ಯಂತ್ರ ನಡೆಸುತ್ತಿದ್ದಾಕೆ ಮಾತ್ರ ಕಾಗದವನ್ನು ಬಿಡಲಿಲ್ಲ. “ಸಾರ್, ಬೆಳಕು ಕಂಡಾಗಲೇ ಒತ್ತಿದ್ರಾ? ಬೆಳಕೇ ಬಿಡದೆ ಇದ್ದಾಗಲೂ ಒತ್ತಿದೀರಿ ಅಂತ ಮೆಷಿನ್ ಹೇಳ್ತಿದೆ.”

“ಒತ್ತೋಕೆ ಹೇಳಿದ್ರಿ, ಒತ್ತಿದೆ.”

ಅಕ್ಕನಿಗೆ ನಗು ತಡೆಯಲಾಗಲಿಲ್ಲ. “ತಾಳ ಹಾಕಿದಾರೆ ಇವರು! ಮನೆ ಬಾಗಿಲೂ ಹಾಗೇ ತಟ್ಟೋದು, ತೆಗೆದ ಮೇಲೂ ಒಂದೆರಡು ಬೀಳುತ್ತೆ.”

ನಿಜವಾಗಿ ನಡೆದದ್ದು ಅದೇ. ಮೊದಲ ಕೆಲವು ಮಿನುಗುಗಳಿಂದ ಬೆರಳು ಲಯ ಹಿಡಿದಿತ್ತು. ಆಮೇಲೆ ಅದು ಕಣ್ಣನ್ನು ಕೇಳಿರಲಿಲ್ಲ.

ಆ ನಕ್ಷೆಯನ್ನು ನಂಬುವಂತಿಲ್ಲ ಎಂದು ಡಾಕ್ಟರು ಅಕ್ಷಿಪಟಲದ ಚಿತ್ರ ತೆಗೆಸಿದರು. ಅಲ್ಲಿ ಬೆರಳಿಗೆ ಕೆಲಸವಿಲ್ಲ. ಗಲ್ಲವನ್ನು ಆನಿಸಿ ಕುಳಿತರೆ ಸಾಕು. ಪರದೆಯ ಮೇಲೆ ಕೆಂಪು ಕಿತ್ತಳೆ ಬಣ್ಣದ ಬಯಲು, ಅದರಲ್ಲಿ ಬೇರುಗಳಂತೆ ಹರಡಿದ ರಕ್ತನಾಳಗಳು, ಅವೆಲ್ಲ ಬಂದು ಸೇರುವ ಕಡೆ ಒಂದು ತಿಳಿಬಣ್ಣದ ತಟ್ಟೆ. ಭಾವ ತಮ್ಮ ಕಣ್ಣಿನೊಳಗನ್ನು ಬೇರೆ ಯಾರದೋ ಊರೆಂಬಂತೆ ನೋಡಿದರು.

“ಇದು ನಂದೇನಾ? ಮಧ್ಯೆ ಗುಳಿ ಬಿದ್ದಿದೆಯಲ್ಲ, ಏನದು?”

“ಕಣ್ಣಿನ ನರದ ಎಳೆಗಳೆಲ್ಲ ಒಟ್ಟಾಗಿ ಮೆದುಳಿಗೆ ಹೊರಡೋ ಜಾಗ ಅದು,” ಎಂದರು ಡಾಕ್ಟರು. “ಚಿಕ್ಕ ಗುಳಿ ಎಲ್ಲರಿಗೂ ಇರುತ್ತೆ. ಎಳೆಗಳು ಸಾಯ್ತಾ ಹೋದ ಹಾಗೆ ಅದು ದೊಡ್ಡದಾಗುತ್ತೆ. ನಿಮ್ಮ ಎಡಗಣ್ಣಲ್ಲಿ ಗುಳಿಯ ಮೇಲಿನ ಅಂಚೇ ಉಳಿದಿಲ್ಲ.”

ಆಮೇಲೆ ಆ ಎಳೆಗಳ ಪದರದ ದಪ್ಪ ಅಳೆಯುವ ಸ್ಕ್ಯಾನ್: ಪದರ ಗಟ್ಟಿಯಿದ್ದಲ್ಲಿ ಹಸಿರು, ಸವೆಯತೊಡಗಿದಲ್ಲಿ ಹಳದಿ, ಸವೆದುಹೋದಲ್ಲಿ ಕೆಂಪು. ಎಡಗಣ್ಣಿನ ಮೇಲ್ಭಾಗ ಪೂರಾ ಕೆಂಪು. ಬಲಗಣ್ಣಿನಲ್ಲಿ ಹಸಿರಿನ ನಡುವೆ ಹಳದಿಯ ಒಂದು ಸಣ್ಣ ತುಣುಕು.

“ಮೇಲೆ ಕೆಂಪಿದೆ. ನನ್ನ ಲೋಟ ಬೀಳೋದು ಕಣ್ಣಿಗಿಂತ ಕೆಳಗೆ, ಮೇಜಿನ ಮೇಲೆ ಇಟ್ಟಾಗ.”

“ಕಣ್ಣೊಳಗೆ ಎಲ್ಲ ತಲೆಕೆಳಗು. ಮೇಲಿನ ಎಳೆ ಹೋದರೆ ಕೆಳಗಿನ ನೋಟ ಹೋಗುತ್ತೆ.”

“ಹೋದದ್ದು ವಾಪಸ್ ಬರುತ್ತಾ?”

“ಇಲ್ಲ. ಬಲಗಣ್ಣು ಉಳಿಸಿಕೊಳ್ಳಬೇಕು. ದಿನಾ ಒತ್ತಡ ಇಳಿಸೋ ಹನಿ ಹಾಕಿ, ಆರು ತಿಂಗಳಿಗೆ ಇನ್ನೊಂದು ಚಿತ್ರ ತೆಗೆದು ನೋಡೋಣ. ಹಳದಿ ಹಬ್ಬಿದ್ರೆ ಆಪರೇಷನ್.”

ಹಿಂದಿರುಗುವಾಗ ಕಾರಿನಲ್ಲಿ ಭಾವ ಒಂದು ಕಣ್ಣನ್ನು ಮುಚ್ಚಿ ದಾರಿ ನೋಡಿದರು, ಆಮೇಲೆ ಇನ್ನೊಂದನ್ನು. “ಕತ್ತಲೆಯಾಗಿ ಕಾಣಲ್ಲ ಕಣೋ,” ಎಂದರು ನನಗೆ. “ಇಲ್ಲ ಅನ್ನೋದೇ ಗೊತ್ತಾಗಲ್ಲ. ಎಂಥ ವಿಚಿತ್ರ!” ಅವರ ದನಿಯಲ್ಲಿ ಭಯಕ್ಕಿಂತ ಕುತೂಹಲವೇ ಮುಂದಿತ್ತು, ಭಯವನ್ನು ಅಕ್ಕ ವಹಿಸಿಕೊಂಡಿದ್ದಳು. ಅಂದಿನಿಂದ ಹನಿಯ ಬಾಟಲಿಯೂ ಅವಳ ಸುಪರ್ದಿಗೆ ಬಂತು.

ಆರು ತಿಂಗಳ ಮೇಲೆ ಮತ್ತೆ ಬಟ್ಟಲಿನ ಮುಂದೆ ಕುಳಿತಾಗ ಭಾವ ಗುಂಡಿಯನ್ನು ಎಡಗೈಗೆ ತೆಗೆದುಕೊಂಡು, ಅದರ ಮೇಲೆ ಕಿರುಬೆರಳನ್ನಿಟ್ಟರು.

“ಹಾಗ್ಯಾಕೆ ಸಾರ್?” ಯಂತ್ರದಾಕೆ ಕೇಳಿದಳು.

“ಉಳಿದ ಬೆರಳುಗಳೆಲ್ಲ ಪಳಗಿಬಿಟ್ಟಿವೆ, ಹೇಳದೇನೇ ಕೆಲಸ ಮಾಡ್ತವೆ. ಇದೊಂದು ಶುದ್ಧ ಸೋಮಾರಿ. ಕೂಗಿ ಎಬ್ಬಿಸಿದರೇ ಏಳೋದು.”

ಈ ಸಲ ಯಂತ್ರ ತಕರಾರು ಮಾಡಲಿಲ್ಲ. ಆದರೆ ಎಡಗಣ್ಣಿನ ನಕ್ಷೆಯ ಕೆಳಗಿನ ಅರ್ಧ ಮಸಿ ಬಳಿದಂತೆ ಕಪ್ಪಾಗಿತ್ತು. ಅಕ್ಕನ ಮುಖ ಇಳಿದುಹೋಯಿತು.

“ಅಯ್ಯೋ, ಹೋದ ಸಲ ಬೆಳ್ಳಗಿತ್ತಲ್ಲ ಡಾಕ್ಟ್ರೇ! ಒಂದು ದಿನ ತಪ್ಪಿಸದೆ ಹನಿ ಹಾಕಿದೀನಿ.”

ಡಾಕ್ಟರು ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಪರದೆಯಲ್ಲಿ ಒಂದರ ಮೇಲೊಂದು ತಂದರು. ರಕ್ತನಾಳಕ್ಕೆ ರಕ್ತನಾಳ ಕೂಡಿತು. ಎಡಗಣ್ಣಿನ ಗುಳಿ ಅಷ್ಟೇ ಇತ್ತು, ಕೆಂಪೂ ಅಷ್ಟೇ. ಆ ಕಪ್ಪು ಹೋದ ಸಲವೂ ಇದ್ದದ್ದೇ. ತಾಳ ಹಾಕಿದ ಬೆರಳು ಅದನ್ನು ಮುಚ್ಚಿಹಾಕಿತ್ತು. ಆಮೇಲೆ ಬಲಗಣ್ಣು ಬಂತು. ಹಳದಿಯ ತುಣುಕು ಇದ್ದಲ್ಲೇ ಇತ್ತು.

“ಹಬ್ಬಿಲ್ಲ. ಈಗ ಆಪರೇಷನ್ ಬೇಡ. ಹನಿ ಮಾತ್ರ ನಿಲ್ಲಿಸಬಾರದು.”

“ಇನ್ನೊಂದು ಸಲ ಹಾಕಿ ತೋರಿಸ್ತೀರಾ?” ಎಂದರು ಭಾವ. ಡಾಕ್ಟರು ತೋರಿಸಿದರು. ಭಾವ ಕುರ್ಚಿಯ ಅಂಚಿಗೆ ಸರಿದು, ಎಳೆಯಿಂದ ಎಳೆಗೆ ಓದಿದರು.

ಈಗ ತರಗತಿಯಲ್ಲಿ ಅವರ ಮೇಜು ಎಡಗೋಡೆಗೆ ತಾಗಿ ಕುಳಿತಿದೆ, ವಿದ್ಯಾರ್ಥಿಗಳೆಲ್ಲ ಬಲಕ್ಕೆ. ಮೊನ್ನೆ ನಾನು ಹೋಗಿದ್ದಾಗ ಅಕ್ಕ ಕಾಫಿ ತಂದು, ಬೇಕೆಂದೇ ಎಡಬದಿಗೆ ಇಟ್ಟಳು. ಭಾವ ಪಟ್ಟಿ ತಟ್ಟುವುದನ್ನು ನಿಲ್ಲಿಸಿ, ಕತ್ತು ಪೂರ್ತಿ ತಿರುಗಿಸಿ ಲೋಟವನ್ನು ನೋಡಿದರು. ಅದನ್ನು ಬಲಕ್ಕೆ ತಂದಿಟ್ಟುಕೊಂಡು, “ಹಾಂ, ಮುಂದಿನ ಸಾಲು,” ಎಂದರು.