ಮಡಿಲಲ್ಲಿಟ್ಟ ದಿಂಬು

ಆ ಹಿರಿಯ ಪರೀಕ್ಷಕರು ನನಗೆ ಮೊದಲಿನಿಂದಲೂ ಸೇರುತ್ತಿರಲಿಲ್ಲ. ಅವರಿಗೂ ನಾನು ಸೇರುತ್ತಿರಲಿಲ್ಲ. ಆದರೂ ಮೂರು ತಿಂಗಳಿಗೊಮ್ಮೆ ವಿಡಿಯೋ ಕರೆಯಲ್ಲಿ ಒಂದೇ ಪರದೆಯ ಅಕ್ಕಪಕ್ಕದ ಚೌಕಗಳಲ್ಲಿ ಕುಳಿತು, ಶಸ್ತ್ರಚಿಕಿತ್ಸೆ ಕಲಿಯುತ್ತಿರುವ ವೈದ್ಯರ ಮೌಖಿಕ ಪರೀಕ್ಷೆ ನಡೆಸುತ್ತಿದ್ದೆವು. ಅವರು ಹುಬ್ಬಳ್ಳಿಯ ತಮ್ಮ ಮನೆಯಿಂದ, ನಾನು ಸವಣೂರಿನ ನನ್ನ ಬಾಡಿಗೆ ಕೋಣೆಯಿಂದ. ಕಲಿಯುವವರು ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರಿನ ಆಸ್ಪತ್ರೆಗಳಲ್ಲಿ ಹಂಚಿಹೋಗಿದ್ದರು. ಎಲ್ಲರನ್ನೂ ಒಂದೇ ಕಡೆ ಕರೆಸಿದರೆ ಆ ದಿನ ಮೂರೂ ಊರುಗಳಲ್ಲಿ ಹೊಟ್ಟೆನೋವಿನವರನ್ನು ನೋಡಲು ಯಾರೂ ಇರುವುದಿಲ್ಲವೆಂದು ಈ ಏರ್ಪಾಡು.

ಪರೀಕ್ಷೆಯ ದಿನ ಯಾರ ಸಂಪರ್ಕ ಎಷ್ಟು ಸಲ ಕಡಿಯಿತು, ಹಿರಿಯರು ಎಷ್ಟು ಸಲ ಉತ್ತರದ ನಡುವೆ ಬಾಯಿ ಹಾಕಿದರು ಎಂದು ದಿನಚರಿಯಲ್ಲಿ ಗೀಟು ಎಳೆದು ಇಡುತ್ತೇನೆ. ಎರಡನೆಯ ಸಾಲೇ ಯಾವಾಗಲೂ ಉದ್ದ.

ಆ ಮಂಗಳವಾರ ಹಾನಗಲ್ಲಿನವನದೂ ಶಿಗ್ಗಾಂವಿಯವನದೂ ಮುಗಿದು ಹಿರೇಕೆರೂರಿನವಳ ಸರದಿ ಬಂತು. ಅವಳದು ಕೊನೆಯ ವರ್ಷ. ಇದರಲ್ಲಿ ಪಾಸಾದರೆ ಮಾತ್ರ ಅಂತಿಮ ಪರೀಕ್ಷೆಗೆ ಕೂರಬಹುದು. ಫೇಲಾದರೆ ಒಂದು ಮರುಪರೀಕ್ಷೆ ಇರುತ್ತದೆ. ಆದರೆ ನಕಲು ಮಾಡಿದ ದೂರು ಬಿದ್ದರೆ ಅದೂ ಇಲ್ಲ, ಒಂದು ವರ್ಷ ಹೋದಂತೆಯೇ.

ಪರೀಕ್ಷೆ ನಡೆಯುವುದು ಇಂಗ್ಲಿಷಿನಲ್ಲಿ. ಬೈಯುವುದಕ್ಕೆ ಮಾತ್ರ ಹಿರಿಯರಿಗೆ ಕನ್ನಡವೇ ಬೇಕು. ಹೊಕ್ಕಳ ಸುತ್ತ ಶುರುವಾದ ನೋವು ಬಲಗಡೆ ಕೆಳಕ್ಕೆ ಇಳಿದಿರುವ ಹುಡುಗನೊಬ್ಬ ಬಂದಿದ್ದಾನೆ, ಅವನ ಹೊಟ್ಟೆಯನ್ನು ಹೇಗೆ ಮುಟ್ಟಿ ನೋಡುತ್ತೀ ಎಂದು ಅವರು ಕೇಳಿದರು. ಅವಳು ಉತ್ತರ ಶುರು ಮಾಡಿದಳು. ಎರಡು ಮಾತು ಆಡುವುದರೊಳಗೆ ಕಣ್ಣು ಕೆಳಗೆ ಹೋಯಿತು.

“ಕೆಳಗ ಏನ್ ಓದಾಕತ್ತಿ? ಮಾರಿ ಮ್ಯಾಲೆತ್ತು,” ಎಂದರು ಹಿರಿಯರು.

“ಏನಿಲ್ರಿ ಸರ್.”

ಮುಖ ಎತ್ತಿದಳು, ಮಾತು ನಿಂತಿತು. ಕಣ್ಣು ಕೆಳಗಿಳಿಸಿದಳು, ಮಾತು ಮತ್ತೆ ಹೊರಟಿತು.

“ನೋಡವ್ವಾ, ನಮ್ಮ ಎದುರಿಗೇ ಕಾಪಿ ಹೊಡ್ಯಾಕತ್ತಾಳ,” ಎಂದರು ನನಗೆ. ಅವಳಿಗೂ ಕೇಳಲಿ ಎಂದೇ ಹೇಳಿದ್ದು.

ಓದುವವರ ಭುಜ ಅಲುಗುವುದಿಲ್ಲ. ಅವಳ ಭುಜಗಳು ಅಲುಗುತ್ತಿದ್ದವು. ಲ್ಯಾಪ್‌ಟಾಪ್ ಹಿಂದಕ್ಕೆ ಸರಿಸಲು ಹೇಳಿದೆ. ಸರಿಸಿದಳು. ಮಡಿಲಲ್ಲಿ ದಿಂಬು ಇತ್ತು. ನಾವೆಲ್ಲ ಹಾಸ್ಟೆಲಿನಲ್ಲಿ ಹೊಟ್ಟೆ ಪರೀಕ್ಷಿಸುವುದನ್ನು ಕಲಿತದ್ದು ದಿಂಬಿನ ಮೇಲೆಯೇ. ನಡುವೆ ಪೆನ್ನಿನಿಂದ ಹೊಕ್ಕಳ ಗುರುತು ಮಾಡಿಕೊಂಡು, ಒಬ್ಬರು ಕೇಳುವುದು, ಒಬ್ಬರು ಒತ್ತುವುದು. ಅದಿಲ್ಲದೆ ಅವಳಿಗೆ ಬಾಯಿ ಹೊರಡುತ್ತಿರಲಿಲ್ಲ.

“ಪೇಶಂಟನ್ನ ತೊಡಿ ಮ್ಯಾಲ ಮಲಗಿಸ್ಕೊಂಡು ಪರೀಕ್ಷಾಕ್ಕ ಕುಂತಾಳ,” ಎಂದು ಹಿರಿಯರು ನಕ್ಕರು. “ಅದರ ಕೆಳಗ ಏನೈತಿ, ಹೊಳ್ಳಿಸಿ ತೋರ್ಸು.”

ಹೊರಳಿಸಿ ತೋರಿಸಿದಳು. ಕವರನ್ನೂ ಕಳಚಿ ಜಾಡಿಸಿದಳು. ಒಂದು ಚೀಟಿಯೂ ಬೀಳಲಿಲ್ಲ. ಅವಳ ಕಿವಿ ಕೆಂಪಾಗಿತ್ತು.

“ಹಂಗ ಕೈ ಕಾಣೂವಂಗ ಇಟ್ಕೊಂಡು, ಮೊದಲಿಂದ ಮಾಡಿ ತೋರ್ಸ್ರಿ,” ಎಂದೆ ನಾನು.

ಅವಳು ಹೇಳಿದ್ದೆಲ್ಲ ಸರಿಯಾಗಿತ್ತು. ಅಂಗೈ ಬೆಚ್ಚಗೆ ಮಾಡಿಕೊಳ್ಳಬೇಕು, ನೋವು ಎಲ್ಲಿ ಎಂದು ಕೇಳಬೇಕು, ನೋವಿಲ್ಲದ ಕಡೆಯಿಂದ ಶುರು ಮಾಡಿ ಆ ಜಾಗಕ್ಕೆ ಕೊನೆಯಲ್ಲಿ ಬರಬೇಕು. ಬಾಯಿ ಇದನ್ನು ಹೇಳುತ್ತಿರುವಾಗಲೇ ಕೈ ನೆಟ್ಟಗೆ ನೋವಿನ ಜಾಗಕ್ಕೆ ಹೋಗಿ, ಬೆರಳ ತುದಿಗಳಿಂದ ಗಟ್ಟಿಯಾಗಿ ಒತ್ತಿತು. ಇನ್ನೊಮ್ಮೆ ಮಾಡಿ ಎಂದೆ. ಮತ್ತೆ ಅಲ್ಲಿಗೇ ಹೋಯಿತು. ಹಿರಿಯರು ಚಹಾ ಕುಡಿಯುತ್ತ ಅವಳ ಮಾತಿಗೆ ತಲೆ ಆಡಿಸುತ್ತಿದ್ದರು. ಕೈಯನ್ನು ಅವರು ನೋಡಲೇ ಇಲ್ಲ.

ಅವಳು ಹೊರಹೋದ ಮೇಲೆ ದೂರು ಬರೆಯುತ್ತೇನೆಂದು ಕೂತರು. ಪರೀಕ್ಷೆಗೆ ದಿಂಬು ತರುವುದೇ ತಪ್ಪು ಎಂಬುದು ಅವರ ವಾದ.

“ಬರೀರಿ ಸರ್. ಅದರ ಕೆಳಗ ನಾನು ಏನ್ ಕಂಡೇನಿ ಅಂತ ಬರೀತೇನಿ. ಏನೂ ಸಿಗಲಿಲ್ಲ ಅಂತ.”

“ಯಾಕವ್ವಾ, ಅಕೀ ಕಡೆ ವಕೀಲ್ಕಿ ತಗೊಂಡೀಯೇನು?”

ಆದರೂ ದೂರು ಬರೆಯುವುದನ್ನು ಬಿಟ್ಟರು. ಆಮೇಲೆ ನಾನು ತುಂಬಿದ ಅಂಕಪಟ್ಟಿ ನೋಡಿದರು. ‘ರೋಗಿಗೆ ಅನಗತ್ಯ ನೋವು ಕೊಡದಿರುವುದು’ ಎಂಬ ಕಲಮಿನಲ್ಲಿ ಸೊನ್ನೆ ಹಾಕಿದ್ದೆ. ಅಲ್ಲಿ ಸೊನ್ನೆ ಬಿದ್ದರೆ ಉಳಿದದ್ದೆಲ್ಲ ಎಷ್ಟೇ ಇದ್ದರೂ ಫೇಲು.

“ಇಷ್ಟೊತ್ತು ನನ್ನ ಕೂಡ ಜಗಳಾಡಿ ನೀನ ಫೇಲ್ ಮಾಡಿದ್ಯಲ್ಲ,” ಎಂದು ಜೋರಾಗಿ ನಕ್ಕರು.

“ಕಾಪಿ ಹೊಡದಿಲ್ಲ ಅಂತ ಹೇಳೀನ್ರಿ. ಕೈ ಸರಿ ಐತಿ ಅಂತ ಹೇಳಿಲ್ಲ.”

ಸಂಜೆ ಅಂಕಪಟ್ಟಿ ಕೈಸೇರಿದ ಮೇಲೆ ಅವಳು ಫೋನ್ ಮಾಡಿದಳು. ಪರೀಕ್ಷೆಯಲ್ಲಿ ಮೇಡಂ ಎಂದವಳು ಈಗ ಅಕ್ಕಾರ ಎಂದಳು. ಆ ಮಾತಿನಲ್ಲಿ ಸಲಿಗೆ ಇರಲಿಲ್ಲ.

“ಅಕ್ಕಾರ, ದಿಂಬು ಭಾಳ ಅತ್ತಿತೇನ್ರಿ?”

“ನಾಳೆ ಬರೋ ಪೇಶಂಟ್ ಅಳ್ತಾನ.”

“ನನ್ನ ಪೇಶಂಟ್‌ರನ್ನ ನೀವು ಯಾವಾಗ ನೋಡೀರಿ? ನೀವು ನೋಡಿದ್ದು ದಿಂಬು. ಆ ಮುದುಕ ಕಳ್ಳಿ ಅಂದ. ನಿಮ್ಮ ಮುಂದ ಕವರ್ ಜಾಡಿಸಿ ತೋರಿಸ್ದೆ. ಅದಾದ ಮ್ಯಾಲ ಮಾಡಿ ತೋರ್ಸಂದ್ರಿ. ಯಾರ ಕೈ ನೆಟ್ಟಗ ಇರ್ತಾವ್ರಿ ಆವಾಗ?”

ಕರುಳು ಒಡೆದ ರೋಗಿ ಬಂದಾಗ, ಅವನ ಕಡೆಯವರು ಬಾಗಿಲಲ್ಲಿ ನಿಂತು ಬೈಯುವಾಗಲೂ ಕೈ ನೆಟ್ಟಗಿರಬೇಕು ಎಂದೆ. ನಿಜವೇ, ಆದರೆ ನನ್ನ ಕಿವಿಗೇ ಅದು ಹಿರಿಯರ ದನಿಯಂತೆ ಕೇಳಿಸಿತು. ಸೊನ್ನೆಯನ್ನು ಮಾತ್ರ ತಿದ್ದಲಿಲ್ಲ. ಅವಳು ಫೋನ್ ಇಟ್ಟಳು.

ಆ ವಾರದೊಳಗೇ ಹಿರಿಯರು ಹೊಸ ಸೂಚನೆ ಕಳಿಸಿದರು. ಪರೀಕ್ಷೆ ಮುಗಿಯುವವರೆಗೆ ಅಭ್ಯರ್ಥಿಯ ಎರಡೂ ಅಂಗೈಗಳು ಮೇಜಿನ ಮೇಲೆ ಕಾಣುವಂತೆ, ಅಲುಗಾಡದೆ ಇರತಕ್ಕದ್ದು. ಹಾಗಾದರೆ ನೋವಿನ ಕಲಮಿನಲ್ಲಿ ಏನು ನೋಡಿ ಅಂಕ ಹಾಕಬೇಕು ಎಂದು ಕೇಳಿ ಬರೆದೆ. ಅವಳ ಮರುಪರೀಕ್ಷೆಗೆ ಅವರು ನನ್ನನ್ನು ಕರೆಯಲೇ ಇಲ್ಲ.

ಮುಂದಿನ ತಿಂಗಳು ಅವಳಿಂದ ಒಂದು ಮೆಸೇಜು ಬಂತು. “ಪಾಸಾದೆ. ಕೈ ಟೇಬಲ್ ಮ್ಯಾಲ ಇದ್ವು.” ದಿಂಬಿಲ್ಲದೆ ಹೇಳುವುದನ್ನು ಬಾಯಿಪಾಠ ಮಾಡಿದ್ದಿರಬೇಕು. ಅಂತಿಮ ಪರೀಕ್ಷೆಗೆ ಕೂರುತ್ತಾಳೆ, ಇನ್ನು ಅವಳನ್ನು ತಡೆಯುವವರಿಲ್ಲ. ಅಭಿನಂದನೆ ಎಂದು ಟೈಪ್ ಮಾಡಿ ಅಳಿಸಿದೆ. ಅದರ ಬದಲು, ಇವತ್ತು ಓಪಿಡಿಯಲ್ಲಿ ಮೊದಲು ಕೈ ಎಲ್ಲಿ ಇಟ್ಟಿರಿ ಎಂದು ಕೇಳಿದೆ.

ಮೆಸೇಜಿನ ಕೆಳಗಿನ ಗೀಟುಗಳು ನೀಲಿಯಾದವು, ಓದಿದ್ದಳು.