ಒಂದು ತಪ್ಪೂ ಇಲ್ಲದ ಪುಟ

ತಮಿಳುನಾಡಿಗೆ ಸೇರಿದರೂ ಕನ್ನಡವಾಡುವ ನಮ್ಮ ತಾಳವಾಡಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಮೇಷ್ಟ್ರೊಬ್ಬರು ನಮ್ಮ ಎರಡು ಬಾಡಿಗೆ ಕೋಣೆಗಳಿಗೆ ಅಚ್ಚ ಕನ್ನಡದ ವೆಬ್‌ಸೈಟ್ ಮಾಡಿಕೊಟ್ಟಿದ್ದರು. ಫೋನಿನಲ್ಲಿ ಹುಡುಕಿದವರಿಗೆ ಅದು ಸಿಗುತ್ತಿರಲಿಲ್ಲ; ಕೋಣೆಗಳು ಖಾಲಿ ಬಿದ್ದಿದ್ದವು. ಮೇಷ್ಟ್ರು ಮಾತ್ರ ಆಗಾಗ ಬಂದು, ಜಗಲಿಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ, ಪರದೆಯ ಧೂಳನ್ನು ಪಂಚೆಯಂಚಿನಿಂದ ಒರೆಸಿ, ಪುಟದ ಕೋಡ್ ಸರಿಯಿದೆಯೇ ಎಂದು ಪರೀಕ್ಷೆಗೆ ಹಾಕುತ್ತಿದ್ದರು. ಹಸಿರು ಗುರುತು ಬಂದರೆ ಮುಖ ಅರಳುತ್ತಿತ್ತು.

"ಒಂದ್ ತಪ್ಪೂ ಇಲ್ಲ ಕಣಕ್ಕಾ. ಹುಡುಕ್ದೋರ್ಗೆ ಮೊದಲ್ನೇ ಸ್ಥಾನದಲ್ಲಿ ನಮ್ದೇ ಬಂದೇ ಬತ್ತದೆ."

"ಬರೋರೆಲ್ಲ ದಿಂಬಂ ಘಾಟಿ ಅತ್ಕೊಂಡು ಬರೋ ತಮಿಳ್ ಜನ ಮೇಷ್ಟ್ರೇ. ತಮಿಳಲ್ಲಿ ಎರಡು ಸಾಲು ಬರೀಬಾರ್ದಾ?"

"ಬರೀಬೋದು. ಮೊದ್ಲು ಕೋಡ್ ಸುದ್ದವಾಗಿರ್ಬೇಕಲ್ವಾ?"

ಹೀಗೆ ಕೋಡ್ ಮಡಿಯಲ್ಲೇ ಇತ್ತು, ತಮಿಳು ಹೊರಗೇ ನಿಂತಿತ್ತು.

ಒಂದು ಸಂಜೆ ಕೊಯಮತ್ತೂರಿನ ಕಾರೊಂದು ಬಂದು ನಿಂತಿತು. ಒಳಗಿದ್ದ ಹೆಂಗಸು ಫೋನಿನಲ್ಲಿ ಒಂದು ಪುಟ ತೋರಿಸಿ, ಪಕ್ಕದೂರಿನ ಬಾಡಿಗೆ ಕೋಣೆಗಳಿಗೆ ದಾರಿ ಕೇಳಿದಳು. ಆ ಪುಟದಲ್ಲಿ ಫೋಟೋಗಳು ಅಡ್ಡ ಮಲಗಿದ್ದವು. ಆದರೆ ಊಟ, ಹಾಸಿಗೆ, ಬಾಡಿಗೆ ಎಲ್ಲವೂ ತಮಿಳಿನಲ್ಲಿತ್ತು. ಜಗಲಿಯ ಮೇಲೇ ಕೂತಿದ್ದ ಮೇಷ್ಟ್ರು ಅದನ್ನೂ ಪರೀಕ್ಷೆಗೆ ಹಾಕಿ, ಅದರ ಕೋಡಿನ ತಪ್ಪುಗಳನ್ನು ಒಂದೊಂದಾಗಿ ಸೊಗಸಾದ ತಮಿಳಿನಲ್ಲೇ ಅವಳಿಗೆ ವಿವರಿಸಿದರು.

ಆಕೆ ಪಾಪ ಎಲ್ಲ ಕೇಳಿಸಿಕೊಂಡು, "ಸರಿಂಗ ಸಾರ್, ವಳಿ?" ಎಂದಳು. ಮೇಷ್ಟ್ರು ದಾರಿಯನ್ನೂ ಅಷ್ಟೇ ಸೊಗಸಾಗಿ ಹೇಳಿ ಕಳಿಸಿದರು.

"ಜನುಕ್ಕೆ ಕೋಡಿನ ಬೆಲೆ ಗೊತ್ತಿಲ್ಲ ಕಣಕ್ಕಾ" ಎಂದು ನೊಂದುಕೊಂಡರು.

ಯಾರಾದರೂ ಬಂದರೆ ಇರಲಿ ಎಂದು ಮಾಡಿಟ್ಟಿದ್ದ ಮುದ್ದೆ, ಸೊಪ್ಪಿನ ಸಾರನ್ನು ಅವರಿಗೇ ಬಡಿಸಿದೆ. ಇನ್ನೊಂದು ಮುದ್ದೆ ಬೇಕಾ ಎಂದು ಕೇಳಲಿಲ್ಲ, ಹಾಕಿಬಿಟ್ಟೆ.